ಚಿಕ್ಕಪ್ಪನ ಮಾತ್ರೆ ನಿಲ್ಲಿಸಿದವರು

ದೊಡ್ಡಬಳ್ಳಾಪುರದ ಮೆಡಿಕಲ್ ಶಾಪಿನಲ್ಲಿ ಚಿಕ್ಕಮ್ಮನ ಮಂಡಿನೋವಿಗೆ ಮುಲಾಮು ಕೊಳ್ಳುತ್ತಿದ್ದೆ. ಪಕ್ಕದವರ ಕೈಯಲ್ಲಿ ಕ್ಷಯದ ಮಾತ್ರೆ ಕಂಡಿತು. ಈಗ ನಾಲ್ಕು ಔಷಧ ಸೇರಿ ಒಂದೇ ಮಾತ್ರೆಯಂತೆ. ವಿಜ್ಞಾನ ಮುಂದುವರಿದಿದೆ ನೋಡಿ. ನಮ್ಮ ಮನೆಯನ್ನು ದಾಟಿಕೊಂಡು ಹೋಯಿತು, ಅಷ್ಟೆ.

ಅರವತ್ತರ ದಶಕದ ಕೊನೆ ಇರಬೇಕು. ನನ್ನ ನೆನಪು ಇಸವಿ ಇಟ್ಟುಕೊಳ್ಳುವುದಿಲ್ಲ, ಬರೀ ಜಗಳ ಇಟ್ಟುಕೊಳ್ಳುತ್ತದೆ. ಮಗ್ಗ ನೇಯುತ್ತಿದ್ದ ಚಿಕ್ಕಪ್ಪನಿಗೆ ಕ್ಷಯ ಬಂತು. ಮನೆಯಲ್ಲಿ ಆ ಹೆಸರು ಯಾರೂ ಎತ್ತಲಿಲ್ಲ, ನೆಗಡಿ ಎಂದರು. ನೆಗಡಿಯವನಿಗೆ ಬೇರೆ ತಟ್ಟೆ, ಬೇರೆ ಲೋಟ, ಜಗಲಿಯಲ್ಲಿ ಹಾಸಿಗೆ. ಆದರೆ ಲಾಳಿ? ನೂಲು ಮುಗಿದಾಗ ಹೊಸ ಎಳೆಯನ್ನು ಲಾಳಿಯ ಕಣ್ಣಿಗೆ ಬಾಯಿಟ್ಟು ಹೀರಿ ಎಳೆಯುವುದು ನಮ್ಮ ಪದ್ಧತಿ. ಕೆಮ್ಮುತ್ತಲೇ ಅವನು ಹೀರಿದ ಲಾಳಿಯನ್ನು ಅಪ್ಪ, ತಾತ ಇಬ್ಬರೂ ಹೀರಿದರು. ಮಡಿಯೆಲ್ಲ ಲೋಟಕ್ಕೆ. ಲಾಳಿ ಅನ್ನ ಕೊಡುತ್ತದಲ್ಲ.

ಆಸ್ಪತ್ರೆಯ ಡಾಕ್ಟರು ಸ್ಯಾನಿಟೋರಿಯಂ ಬೇಡ, ಮನೆಯಲ್ಲೇ ಇದ್ದು ಸೂಜಿ ಮಾತ್ರೆ ತೆಗೆದುಕೊಂಡರೆ ಸಾಕು, ಒಂದೂವರೆ ವರ್ಷ ಬಿಡಬಾರದು ಎಂದರು. ಅಜ್ಜಿಗೆ ಅವಮಾನವಾಯಿತು. ರಾಜಯಕ್ಷ್ಮ, ರಾಜರಿಗೆ ಬರುವ ಕಾಯಿಲೆ, ಪುಕ್ಕಟೆ ಮಾತ್ರೆಗೆ ಹೋಗುತ್ತದೆಯೇ? ಹೋಗತೊಡಗಿತು. ಕೆಲವು ತಿಂಗಳಲ್ಲಿ ಕೆಮ್ಮು ನಿಂತು ಕೆನ್ನೆ ತುಂಬಿತು. ಘಾಟಿಯ ದೇವರಿಗೆ ಹೊತ್ತ ಹರಕೆ ಫಲಿಸಿತು ಎಂದರು. ಮಾತ್ರೆಗೆ ಯಾರೂ ತೆಂಗಿನಕಾಯಿ ಒಡೆಯಲಿಲ್ಲ.

ಅಷ್ಟರಲ್ಲಿ ಅತ್ತೆಗೆ, ಅಂದರೆ ಅಪ್ಪನ ತಂಗಿಗೆ, ಗಂಡು ಗೊತ್ತಾಯಿತು. ಗಂಡಿನ ಕಡೆಯವರಿಗೆ ಮನೆಯಲ್ಲಿ ಔಷಧ ಕಂಡರೆ ಕಾಯಿಲೆ ಕಂಡಂತೆ. ಮಾತ್ರೆ ನಿಂತಿತು. ಮದುವೆಯಲ್ಲಿ ಚಿಕ್ಕಪ್ಪನೇ ಓಡಾಡಿ ಬಡಿಸಿದ. ಮರುವರ್ಷ ಕೆಮ್ಮು ತಿರುಗಿ ಬಂದಾಗ ಅದೇ ಮಾತ್ರೆ ನಾಟಲಿಲ್ಲ. ಹೊಸ ಔಷಧ ಬಂದಿದೆ, ಸಿಗುವುದು ಕಷ್ಟ ಎಂದರು ಡಾಕ್ಟರು. ಅದು ಸಿಗುವ ಮೊದಲೇ ಅವನು ಹೋದ. ಇಂಗ್ಲಿಷ್ ಮದ್ದು ಮೈಗೆ ಒಗ್ಗಲಿಲ್ಲ ಎಂದು ನೆಂಟರು ತೀರ್ಪು ಕೊಟ್ಟು ತಿಥಿಯ ವಡೆ ತಿಂದರು.

ಮಾತ್ರೆ ನಿಲ್ಲಿಸಿದ್ದು ತಾತ. ಜಗಲಿಯ ಕಂಬಕ್ಕೆ ಒರಗಿ "ಸಾಕು ಬಿಡೋ, ಹುಷಾರಾಗಿದ್ದೀಯ" ಎಂದದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಹೋದಲ್ಲೆಲ್ಲ ಅವರನ್ನು ಆಡಿಕೊಂಡಿದ್ದೇನೆ. ಮುಲಾಮು ಕೊಡುತ್ತ ಚಿಕ್ಕಮ್ಮನ ಮುಂದೆಯೂ ಶುರುಮಾಡಿದೆ, ಗಂಡನನ್ನು ಕಳೆದುಕೊಂಡವಳಿಗೇ ಗೊತ್ತಿಲ್ಲದ ಕಥೆ ಹೇಳುವವನಂತೆ.

ಅವರೆಕಾಯಿ ಸುಲಿಯುತ್ತಿದ್ದ ಅವಳ ಕೈ ನಿಲ್ಲಲಿಲ್ಲ. "ನಿಮ್ ತಾತನ್ನ ಯಾಕಪ್ಪ ಬೈತೀಯ? ಅವರು ಮಾತ್ರೆ ಬಿಡಬೇಡ್ವೋ ಅಂತ ಅತ್ತುಬಿಟ್ರು. ಮದ್ವೆ ಮುಗೀಲಿ, ಆಮೇಲೆ ನುಂಗ್ಲಿ ಅಂದೋರು ನಿಮ್ಮಪ್ಪ."

ಇನ್ನೊಂದು ಕಾಯಿ ಸುಲಿದು, "ಅವರಿಗೂ ಇದ್ದೋಳು ಒಬ್ಬಳೇ ತಂಗಿ ಕಣಪ್ಪ" ಎಂದಳು.

ನನ್ನ ತಿರಸ್ಕಾರ ಈಗ ಅಪ್ಪನ ಕಡೆಗೆ ಹೊರಡಬೇಕು. ಅದಕ್ಕೆ ಕಾಲು ಬರುತ್ತಿಲ್ಲ.