ಹೆಂಡತಿಗೆ ಉಳಿದ ಇಂಗ್ಲಿಷ್

ಆ ಬೀದಿಯಲ್ಲಿ ಅವನನ್ನು ಎಲ್ಲರೂ ಕುಶನ್ ಅಣ್ಣ ಎಂದೇ ಕರೆಯುತ್ತಿದ್ದರು. ಸೋಫಾ, ಆರಾಮಕುರ್ಚಿ, ಕ್ಷೌರದಂಗಡಿಯ ಸೀಟು, ವ್ಯಾನಿನ ಸೀಟು, ಯಾವುದರ ಹೊಟ್ಟೆ ಹರಿದರೂ ಅವನ ಅಂಗಡಿಗೆ ಬರುತ್ತಿತ್ತು. ಹಳೆಯ ಬಟ್ಟೆ ಕಿತ್ತು, ಗಂಟುಗಟ್ಟಿದ ನಾರನ್ನು ಕೆದರಿ, ಜೋತುಬಿದ್ದ ಸ್ಪ್ರಿಂಗುಗಳನ್ನು ಹುರಿಯಿಂದ ಬಿಗಿದು, ಮೇಲೆ ಹೊಸ ಬಟ್ಟೆ ಎಳೆದು ಮೊಳೆ ಹೊಡೆಯುವುದು ಅವನ ಕೆಲಸ. ಚಿಕ್ಕ ಮೊಳೆಗಳನ್ನು ತುಟಿಗಳ ನಡುವೆ ಕಚ್ಚಿಕೊಂಡು ಒಂದೊಂದಾಗಿ ತೆಗೆದು ಹೊಡೆಯುತ್ತಿದ್ದುದರಿಂದ ಹಗಲೆಲ್ಲ ಮಾತಾಡುವಂತಿರಲಿಲ್ಲ. ಬರಬರುತ್ತ ಸಂಜೆಯೂ ಮಾತಾಡುವ ಅಭ್ಯಾಸ ತಪ್ಪಿಹೋಯಿತು.

ಮನೆಯ ಮಾತನ್ನೆಲ್ಲ ಹೆಂಡತಿಯೇ ವಹಿಸಿಕೊಂಡಿದ್ದಳು. ಅವಳು ಇಂಗ್ಲಿಷ್ ಟೀಚರು. ಅಂಗಡಿಯ ಹಿಂದೆ ಒಂದು ಉದ್ದನೆಯ ಕೋಣೆಯಿತ್ತು. ಸಂಜೆಯಾದರೆ ಅಲ್ಲಿ ಹೋಟೆಲಿನ ಹುಡುಗಿಯರು, ಟ್ಯಾಕ್ಸಿ ಓಡಿಸುವವರು, ಔಷಧಿ ಅಂಗಡಿಯವರು ಸೇರಿಕೊಳ್ಳುತ್ತಿದ್ದರು. ವ್ಯಾಕರಣವನ್ನು ಅವರು ಶಾಲೆಯಲ್ಲೇ ಕಲಿತದ್ದಾಗಿತ್ತು, ಬಾಯಿಗೆ ಮಾತು ಬರುತ್ತಿರಲಿಲ್ಲ. ಆ ಬಾಯಿ ಬಿಡಿಸುವುದೇ ಅವಳ ಕಸುಬು. "ಪುಸ್ತಕದ ಹಾಗೆ ಮಾತಾಡಬೇಡಿ, ಮನುಷ್ಯರ ಹಾಗೆ ಮಾತಾಡಿ" ಎನ್ನುತ್ತಿದ್ದಳು. ಹಲಗೆಗೋಡೆಯ ಈಚೆ ಕುಶನ್ ಅಣ್ಣನಿಗೆ ಅದೆಲ್ಲ ಮಳೆ ಸದ್ದಿನಂತೆ ಕೇಳಿಸುತ್ತಿತ್ತು. ಒಂದು ದಿನವೂ ಕಿವಿಗೊಟ್ಟು ಕೇಳಿದವನಲ್ಲ.

ಕಲಿಯಬೇಕಾದ ಅಗತ್ಯವಾದರೂ ಏನಿತ್ತು? ಮೆಟ್ಟಿಲು ಹತ್ತಿ ಮೇಲಿನ ಮನೆಗೆ ಬಂದರೆ ಅವಳದು ಅಪ್ಪಟ ಮನೆಮಾತು. ಅದರಲ್ಲಿ ಅರ್ಧಕ್ಕರ್ಧ ಬೈಗುಳ.

"ರೀ, ಬಾಯಲ್ಲಿ ಮೊಳೆ ಇಟ್ಕೊಂಡೇ ಹುಟ್ಟಿದ್ರಾ? ಹೂಂ ಅನ್ನಿ, ಇಲ್ಲ ಊಹೂಂ ಅನ್ನಿ!"

"ಹೂಂ" ಎನ್ನುತ್ತಿದ್ದ.

"ಯಾವುದಕ್ಕೆ ಹೂಂ? ನಾನಿನ್ನೂ ಏನೂ ಕೇಳೇ ಇಲ್ಲ!"

ಪಕ್ಕದ ಕೋಣೆಯಲ್ಲಿದ್ದ ನಾದಿನಿ, ಅಂದರೆ ಟೀಚರಮ್ಮನ ತಂಗಿ, ಇದನ್ನು ಕೇಳಿ ಬಿದ್ದು ಬಿದ್ದು ನಗುತ್ತಿದ್ದಳು. ಅವಳು ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡುವವಳು. ಗಂಡ ತೀರಿಕೊಂಡ ಮೇಲೆ ಇವರ ಜೊತೆಗೇ ಇದ್ದಳು.

ಒಂದು ಬೆಳಗ್ಗೆ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಾಗ ಟೀಚರಮ್ಮನ ಕೈಯಿಂದ ದಿಂಬಿನ ಚೀಲ ಜಾರಿತು. ಎತ್ತಿಕೊಳ್ಳಲು ಬಗ್ಗಿದವಳು ಹಾಗೇ ಕುಸಿದಳು. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು ಆಸ್ಪತ್ರೆಯಲ್ಲಿ. ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು. ಬಹಳ ದಿನ ಅವಳು ತುಟಿ ಪಿಟಕ್ಕೆನ್ನಲಿಲ್ಲ. ಕುಶನ್ ಅಣ್ಣ ಮಂಚದ ಪಕ್ಕದ ಕುರ್ಚಿಯ ಹರಿದ ಅಂಚನ್ನು ಬೆರಳಿನಿಂದ ಒಳಕ್ಕೆ ತುರುಕುತ್ತ ಕೂತಿರುತ್ತಿದ್ದ.

ಕೊನೆಗೊಂದು ದಿನ ಅವಳು ಬಾಯಿ ತೆರೆದಳು. ಬಂದದ್ದು ಇಂಗ್ಲಿಷು. "ಕುಡ್ ಐ ಹ್ಯಾವ್ ಸಮ್ ವಾಟರ್, ಪ್ಲೀಸ್?"

ನರ್ಸು ನೀರು ಕುಡಿಸಿದಳು. ಕುಶನ್ ಅಣ್ಣ ಮುಂದಕ್ಕೆ ಬಾಗಿ, "ಏನೇ, ನಾನು ಕಣೇ" ಎಂದ. ಅವಳು ಅವನ ಮುಖ ನೋಡಿದಳು. ಗುರುತು ಹತ್ತಿತ್ತು, ಅದರಲ್ಲಿ ಸಂಶಯವಿಲ್ಲ. ನರ್ಸಿನ ಕಡೆ ತಿರುಗಿ "ಮೈ ಹಸ್ಬೆಂಡ್" ಎಂದಳು. ಆದರೆ ಅವನಾಡಿದ ಮಾತು ಮಾತ್ರ ಅವಳಿಗೆ ತಲುಪಲಿಲ್ಲ. ಪರದೇಶದವನೊಬ್ಬ ಬಸ್ ನಿಲ್ದಾಣದಲ್ಲಿ ದಾರಿ ಕೇಳಿದರೆ ನೋಡುವ ಹಾಗೆ ಪಾಪ ಎನ್ನುವಂತೆ ನೋಡಿದಳು.

ಅಪರೂಪಕ್ಕೆ ಹೀಗಾಗುತ್ತದೆ ಎಂದರು ಡಾಕ್ಟರು. ಎರಡು ಭಾಷೆ ಬಲ್ಲವರಲ್ಲಿ ಒಂದು ಮಾತ್ರ ಉಳಿಯುತ್ತದೆ, ಯಾವುದು ಉಳಿಯುತ್ತದೆಂದು ಹೇಳಲು ಬರುವುದಿಲ್ಲ.

"ವಾಪಸ್ ಬರುತ್ತಾ ಡಾಕ್ಟ್ರೇ?"

"ಬರಬಹುದು. ಬರದೇನೂ ಇರಬಹುದು. ನೀವು ಜೊತೇಲಿ ಮಾತಾಡ್ತಾ ಇರಿ."

ಇರುವ ಕೆಲಸವನ್ನೆಲ್ಲ ಬಿಟ್ಟು ಅವನಿಗೆ ಹೇಳಿದ್ದು ಮಾತಾಡುವ ಕೆಲಸ.

ಅವಳನ್ನು ಮನೆಗೆ ತಂದು ಕಿಟಕಿಯ ಪಕ್ಕ ಮಂಚ ಹಾಕಿದರು. ಅಕ್ಕ ಮನೆಮಾತು ಮರೆತಿದ್ದಾಳೆಂದು ನಾದಿನಿ ಎರಡು ದಿನ ಅತ್ತಳು. ಮೂರನೆಯ ದಿನ ಕಣ್ಣೊರೆಸಿಕೊಂಡು ಎಂದಿನಂತೆ ಲಾಂಡ್ರಿಯ ಸುದ್ದಿ ಹೇಳತೊಡಗಿದಳು. ಯಾರ ಅಂಗಿ ಸುಟ್ಟಿತು, ಯಾರ ಜೇಬಿನಲ್ಲಿ ಏನು ಸಿಕ್ಕಿತು ಎಂದು ತಲೆ ಬಾಚುತ್ತ, ಉಗುರು ಕತ್ತರಿಸುತ್ತ ಹೇಳುತ್ತಲೇ ಇರುತ್ತಿದ್ದಳು. ಅಕ್ಕನಿಗೆ ಅರ್ಥವಾಯಿತೋ ಇಲ್ಲವೋ ಎಂಬ ಚಿಂತೆ ಅವಳಿಗಿರಲಿಲ್ಲ. ಕುಶನ್ ಅಣ್ಣನಿಂದ ಅದಾಗಲಿಲ್ಲ. ಅರ್ಥವಾಗುವ ಹೆಂಡತಿಯೊಂದಿಗೇ ಮಾತಾಡಲು ಬಾರದವನು, ಅರ್ಥವಾಗದವಳೊಂದಿಗೆ ಏನು ಮಾತಾಡಿಯಾನು?

ಅವಳು ಅವನನ್ನು ಈಗ "ಎಕ್ಸ್‌ಕ್ಯೂಸ್ ಮಿ" ಎಂದು ಕರೆಯುತ್ತಿದ್ದಳು. ಮೊದಮೊದಲು ಕರೆದದ್ದು ತನ್ನನ್ನೇ ಎಂದು ಅವನಿಗೆ ಹೊಳೆಯುತ್ತಲೇ ಇರಲಿಲ್ಲ. ನೀರು ಕೊಟ್ಟರೆ "ಥ್ಯಾಂಕ್ ಯು ಸೋ ಮಚ್." ದಿಂಬು ಸರಿಮಾಡಿದರೆ "ಸಾರಿ ಟು ಬಾದರ್ ಯು." ಮದುವೆಯಾದಾಗಿನಿಂದ ಅವಳ ಬಾಯಿಂದ ಒಂದು ಥ್ಯಾಂಕ್ಸ್ ಕೇಳಿದವನಲ್ಲ. ಈಗ ದಿನಕ್ಕೆ ಹತ್ತಾರು ಸಲ ಕೇಳಿ ಅವನಿಗೆ ಯಾರದೋ ಮನೆಯಲ್ಲಿ ಕೆಲಸಕ್ಕಿದ್ದ ಹಾಗನ್ನಿಸುತ್ತಿತ್ತು.

ಇನ್ನೊಂದು ಮಾತನ್ನೂ ಅವಳು ಪದೇ ಪದೇ ಹೇಳುತ್ತಿದ್ದಳು. "ಐ ಆಮ್ ಫೆಡ್ ಅಪ್." ಮೊದಲ ಸಲ ಹೇಳಿದ್ದು ತಟ್ಟೆಯನ್ನು ಎಡಗೈಯಿಂದ ಪಕ್ಕಕ್ಕೆ ತಳ್ಳಿದಾಗ. ಕುಶನ್ ಅಣ್ಣ ಅವಳದೇ ಕಪಾಟಿನ ದಪ್ಪ ನಿಘಂಟು ತೆಗೆದು, ಬೆರಳಿಟ್ಟು ಹುಡುಕಿದ. ಫೆಡ್ ಎಂದರೆ ಉಣಿಸಿದ. ಅಪ್ ಎಂದರೆ ಮೇಲೆ. ಮೇಲಿನವರೆಗೂ ಉಣಿಸಿದ್ದಾರೆ, ಅಂದರೆ ಗಂಟಲ ಮಟ್ಟ ಊಟವಾಗಿದೆ. ತಾನೇ ಕಂಡುಹಿಡಿದ ಅರ್ಥ! ಅವನ ಮುಖ ಅರಳಿತು.

"ನೋಡಮ್ಮ, ನಿಮ್ಮಕ್ಕ ಹೊಟ್ಟೆ ತುಂಬ ಉಂಡಿದಾಳಂತೆ" ಎಂದು ನಾದಿನಿಗೆ ಹೇಳಿದ.

"ಎರಡು ತುತ್ತು ತಿಂದಿಲ್ಲ ಭಾವ."

"ಅವಳೇ ಹೇಳ್ತಿದಾಳಲ್ಲ!"

ಆಮೇಲೆ ಅವಳು ಊಟವಿಲ್ಲದ ಹೊತ್ತಿನಲ್ಲೂ, ಕಿಟಕಿಯ ಹೊರಗೆ ನೋಡುತ್ತಲೂ ಅದನ್ನೇ ಹೇಳತೊಡಗಿದಳು. ಮಧ್ಯಾಹ್ನದ್ದು ಇನ್ನೂ ಕರಗಿಲ್ಲವೇನೋ ಎಂದುಕೊಂಡು ಅವನು ತಲೆಯಾಡಿಸಿ, ನಕ್ಕು, ಹೊಟ್ಟೆ ಸವರಿ ತೋರಿಸುತ್ತಿದ್ದ. ಅವಳು ಸುಮ್ಮನೆ ಮುಖ ತಿರುಗಿಸುತ್ತಿದ್ದಳು.

ಟೀಚರಮ್ಮನ ಹಳೆಯ ಶಿಷ್ಯೆಯೊಬ್ಬಳು ಈಗ ತಾನೂ ಇಂಗ್ಲಿಷ್ ಹೇಳಿಕೊಡುತ್ತಿದ್ದಳು. ಅವಳು ನೋಡಲು ಬಂದ ದಿನ ಮಹಡಿಯಲ್ಲಿ ಎಷ್ಟೋ ದಿನಗಳ ಮೇಲೆ ನಗು ಕೇಳಿಸಿತು. ಇಬ್ಬರೂ ಪಟಪಟನೆ ಮಾತಾಡುತ್ತಿದ್ದರು. ಕುಶನ್ ಅಣ್ಣ ಬಾಗಿಲಲ್ಲಿ ನಿಂತು ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ನೋಡುತ್ತಿದ್ದ. ಶಿಷ್ಯೆ ಹೊರಡುವಾಗ ಅಂಗಡಿಯವರೆಗೂ ಜೊತೆಗೆ ಬಂದ.

"ಊಟ ಚೆನ್ನಾಗಿ ಸೇರ್ತಿದೆಯಮ್ಮ ಅವಳಿಗೆ. ದಿನಾ ಹೇಳ್ತಾಳೆ, ಫೆಡ್ ಅಪ್ ಅಂತ."

ಶಿಷ್ಯೆ ಚೀಲವನ್ನು ಈ ಭುಜದಿಂದ ಆ ಭುಜಕ್ಕೆ ಹಾಕಿಕೊಂಡಳು. "ಅಂಕಲ್, ಅದು ಊಟದ ಮಾತಲ್ಲ."

"ಮತ್ತೆ?"

"ಸಾಕಾಗಿಹೋಗಿದೆ ಅಂತ. ಇನ್ನು ತಡ್ಕೊಳ್ಳೋಕಾಗಲ್ಲ ಅನ್ನೋವಾಗ ಹೇಳ್ತಾರೆ."

ಬಟ್ಟೆ ಕಿತ್ತು ಬರೀ ಸ್ಪ್ರಿಂಗು ಉಳಿದಿದ್ದ ಸೋಫಾದ ಮೇಲೇ ಅವನು ಕೂತುಬಿಟ್ಟ. ತನ್ನ ನಗು, ತಾನು ಹೊಟ್ಟೆ ಸವರಿ ತೋರಿಸಿದ್ದು ಎಲ್ಲ ಕಣ್ಣೆದುರು ಬಂತು. ಆಮೇಲೆ ಎದ್ದು ನಿಂತು, "ಹಿಂದಿನ ಕೋಣೆ ಖಾಲಿ ಬಿದ್ದಿದೆ. ನಿನ್ನ ಕ್ಲಾಸು ಅಲ್ಲೇ ನಡೆಸ್ಕೋ. ಬಾಡಿಗೆ ಬೇಡ. ನನ್ನನ್ನೂ ಸೇರಿಸ್ಕೋ" ಎಂದ.

ಹೀಗೆ ಕುಶನ್ ಅಣ್ಣ ಹಲಗೆಗೋಡೆಯ ಆಚೆಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತ. ಉಳಿದವರೆಲ್ಲ ಅವನ ಅರ್ಧ ವಯಸ್ಸಿನವರು. ಅಲ್ಲಿ ಕಲಿಸುತ್ತಿದ್ದುದು ದಿನದ ಮಾತು. ಪೀಸ್ ಆಫ್ ಕೇಕ್ ಎಂದರೆ ಕೇಕಿನ ತುಂಡಲ್ಲ, ಸುಲಭದ ಕೆಲಸ. ಅಂಡರ್ ದ ವೆದರ್ ಎಂದರೆ ಮೈ ಹುಷಾರಿಲ್ಲ. ಹಿಟ್ ದ ಸ್ಯಾಕ್ ಎಂದರೆ ಚೀಲಕ್ಕೆ ಹೊಡೆಯುವುದಲ್ಲ, ಮಲಗುವುದು. "ಹೇಳೋದೊಂದು, ಅರ್ಥ ಇನ್ನೊಂದು. ನೆಟ್ಟಗೆ ಹೇಳೋಕೆ ಇವರಿಗೇನು ಧಾಡಿ?" ಎಂದು ಅವನು ಗೊಣಗಿದರೆ ಕ್ಲಾಸೆಲ್ಲ ನಗುತ್ತಿತ್ತು. ಪುಲಿಂಗ್ ಮೈ ಲೆಗ್ ಬಂದಾಗ ಮಾತ್ರ ಎದ್ದೇ ನಿಂತ. "ಕಾಲೆಳೆಯೋದು! ಇದು ನಮ್ಮದೇ ಅಲ್ವೇನಮ್ಮ?" ಪರವೂರಿನಲ್ಲಿ ತನ್ನ ಬೀದಿಯವರು ಸಿಕ್ಕಷ್ಟು ಸಂತೋಷ.

ನಾಲಿಗೆ ಹೊರಳುತ್ತಿರಲಿಲ್ಲ. ಮೊಳೆ ಹೊಡೆಯುತ್ತ ಮನಸ್ಸಿನಲ್ಲೇ ಉರುಹೊಡೆಯುತ್ತಿದ್ದ. ಒಂದು ಮಧ್ಯಾಹ್ನ ಧೈರ್ಯ ಮಾಡಿ ಮಂಚದ ಹತ್ತಿರ ನಿಂತು, "ಹೌ ಆರ್ ಯು ಫೀಲಿಂಗ್ ಟುಡೇ?" ಎಂದ. ಅವಳ ಕಣ್ಣು ಬೆಳಗಿತು. "ಎ ಬಿಟ್ ಅಂಡರ್ ದ ವೆದರ್" ಎಂದಳು. ಅರ್ಥವಾಯಿತು! ಆದರೆ ಅದಕ್ಕೆ ಏನು ಹೇಳಬೇಕೆಂಬುದು ಇನ್ನೂ ಪಾಠವಾಗಿರಲಿಲ್ಲ. "ವೆರಿ ಗುಡ್" ಎಂದುಬಿಟ್ಟ.

ಅವಳು ಮುಗುಳ್ನಕ್ಕಳು. "ಗುಡ್ ಟ್ರೈ" ಎಂದು ತಿದ್ದಿದಳು. ವಿದ್ಯಾರ್ಥಿಗಳಿಗೆ ಹೇಳುತ್ತಿದ್ದ ಅದೇ ದನಿ.

ಅಂದು ಅವನಿಗೆ ಒಂದು ವಿಷಯ ಹೊಳೆಯಿತು. ಇಂಗ್ಲಿಷಿನಲ್ಲಿ ಅವಳು ಯಾವತ್ತೂ ಯಾರ ಹೆಂಡತಿಯೂ ಆಗಿರಲಿಲ್ಲ. ಆ ಭಾಷೆಯಲ್ಲಿ ಅವಳು ಮಾತಾಡಿದ್ದೆಲ್ಲ ಶಿಷ್ಯರೊಂದಿಗೆ, ಅಪರಿಚಿತರೊಂದಿಗೆ. ಜಗಳವಾಡಿದ್ದು, ಮುನಿಸಿಕೊಂಡದ್ದು, ಅವನ ಜ್ವರಕ್ಕೆ ಅತ್ತದ್ದು ಎಲ್ಲ ಬೇರೆ ಮಾತಿನಲ್ಲಿ. ಆ ಮಾತು ಹೋಗುವಾಗ ಅವನಿಗೆ ಸೇರಿದ್ದನ್ನೆಲ್ಲ ಬಾಚಿಕೊಂಡು ಹೋಗಿತ್ತು.

ಮರುದಿನ ಕ್ಲಾಸು ಮುಗಿದ ಮೇಲೆ ಶಿಷ್ಯೆಯನ್ನು ಕೇಳಿದ. "ಗಂಡನ್ನ ಬೈಯೋದು ಹೇಗಮ್ಮ, ಇಂಗ್ಲಿಷಲ್ಲಿ?"

"ಯಾಕಂಕಲ್?"

"ಅವಳು ಬೈದರೆ ತಿಳೀಬೇಕಲ್ಲ. ಈ ಸಲವೂ ಗೊತ್ತಾಗದೆ ಹಲ್ಲು ಕಿರಿದುಬಿಟ್ಟರೆ?"

"ಮೇಡಂ ನಮಗೆ ಅದೊಂದು ಕಲಿಸಲಿಲ್ಲ" ಎಂದು ಶಿಷ್ಯೆ ನಗಲು ನೋಡಿದಳು, ಆಗಲಿಲ್ಲ. ಆಮೇಲೆ ಯೋಚಿಸಿ ಕೆಲವನ್ನು ಹೇಳಿಕೊಟ್ಟಳು. ಯು ಆರ್ ಡ್ರೈವಿಂಗ್ ಮಿ ಅಪ್ ದ ವಾಲ್, ತಲೆ ಕೆಡಿಸ್ತೀರಿ ಅಂತ. ಗಿವ್ ಮಿ ಎ ಬ್ರೇಕ್, ಸಾಕು ಮಾಡಿ ಅಂತ. ಕುಶನ್ ಅಣ್ಣ ಅವನ್ನು ಆಸೆಯಿಂದ ಬಾಯಿಪಾಠ ಮಾಡಿದ.

ಇನ್ನು ಅವಳು ಬೈಯುವುದೊಂದೇ ಬಾಕಿ. ಅವಳಿಗೆ ಏನು ಕಂಡರೆ ಮೈ ಉರಿಯುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದ. ನಾರಿನ ಧೂಳು ಮೆತ್ತಿದ ಕಾಲಲ್ಲೇ ಒಳಗೆಲ್ಲ ಓಡಾಡಿದ. ಟೀ ಲೋಟವನ್ನು ಅವಳ ಪುಸ್ತಕದ ಮೇಲಿಟ್ಟ. ಪ್ರತಿ ಸಲವೂ ನಿಂತು ಕಾದ.

"ನೆವರ್ ಮೈಂಡ್" ಎಂದಳು ಅವಳು. "ದೀಸ್ ಥಿಂಗ್ಸ್ ಹ್ಯಾಪನ್."

ಕೊನೆಗೆ ಮೊಳೆಯ ಡಬ್ಬಿಯನ್ನೇ ತಂದು ನೆಲದ ಮೇಲೆ ಸುರಿದ. ಮೊಳೆಗಳು ಮಂಚದ ಕೆಳಗೆಲ್ಲ ಚೆಲ್ಲಾಡಿದವು. ಅವಳು ಬೆಚ್ಚಿ, "ಓ ಡಿಯರ್! ಶಲ್ ಐ ಹೆಲ್ಪ್ ಯು?" ಎನ್ನುತ್ತ ಆಡದ ಕೈಯನ್ನು ಇನ್ನೊಂದು ಕೈಯಿಂದ ಎತ್ತಿಕೊಂಡು ಏಳಲು ಹವಣಿಸಿದಳು.

"ಬೈಯೇ!" ಎಂದು ಅವನು ಕಿರುಚಿದ. "ಒಂದ್ಸಲ ಬೈಯೇ ಮಾರಾಯ್ತಿ! ನಿನಗೇನಾಗಿದೆ? ಬಾಯಿಗೆ ಬಂದದ್ದು ಬೈಯೇ!"

ಇಷ್ಟು ಗಟ್ಟಿಯಾಗಿ ಅವನು ಜನ್ಮದಲ್ಲಿ ಮಾತಾಡಿರಲಿಲ್ಲ. ಅವಳು ಗೋಡೆಗೆ ಒತ್ತಿಕೊಂಡು ಮುದುಡಿದಳು. "ಐ ಆಮ್ ಸಾರಿ. ಐ ಆಮ್ ಸೋ ಸಾರಿ." ಕಣ್ಣಲ್ಲಿ ನೀರು.

ನಾದಿನಿ ಓಡಿ ಬಂದು ಅಕ್ಕನನ್ನು ತಬ್ಬಿಕೊಂಡಳು. "ಬುದ್ಧಿ ಇದೆಯಾ ಭಾವ ನಿಮಗೆ? ಹೆದರಿ ನಡುಗ್ತಿದಾಳೆ, ನೋಡಿ! ಹೋಗಿ ಕೆಳಗೆ!"

ಅವನು ನೆಲದ ಮೇಲೆ ಕೂತು ಮೊಳೆಗಳನ್ನು ಹೆಕ್ಕಿದ. ತಪ್ಪಾಯ್ತು ಎಂದು ಇಂಗ್ಲಿಷಿನಲ್ಲಿ ಹೇಳಲು ಅವನಿಗೆ ಬರುತ್ತಿತ್ತು. ಆದರೆ ಅದೇ ಮಾತನ್ನು ಅವಳೇ ಹೇಳುತ್ತಿದ್ದಳು, ನಿಲ್ಲಿಸದೆ. ಅದರ ಮೇಲೆ ತನ್ನದನ್ನು ಹೇಳುವುದು ಹೇಗೆ?

ಆಮೇಲೆ ಅವನು ಅವಳನ್ನು ಕೆಣಕಲಿಲ್ಲ. ಕ್ಲಾಸು ಬಿಡಲೂ ಇಲ್ಲ. ದಿನ ಕಳೆದಂತೆ ಇಂಗ್ಲಿಷ್ ಅವನ ಬಾಯಿಗೆ ಬಂತು. ಗಿರಾಕಿಗಳೊಂದಿಗೆ ಎರಡು ಮಾತಾಡುವಷ್ಟಾಯಿತು. "ಅಂಕಲ್, ಈಗ ಪುಸ್ತಕದ ಹಾಗಿಲ್ಲ, ಮನುಷ್ಯರ ಹಾಗೆ ಮಾತಾಡ್ತೀರಿ" ಎಂದು ಶಿಷ್ಯೆಯೂ ಮೆಚ್ಚಿದಳು. ಅಷ್ಟರಲ್ಲಿ ಟೀಚರಮ್ಮನಿಗೆ ಇನ್ನೊಮ್ಮೆ, ಸಣ್ಣದಾಗಿ, ಅದೇ ಆಘಾತವಾಯಿತು. ಈ ಸಲ ಆಸ್ಪತ್ರೆಯಿಂದ ಬೇಗ ಬಿಟ್ಟರು. ಮೇಲ್ನೋಟಕ್ಕೆ ಏನೂ ಬದಲಾದಂತಿರಲಿಲ್ಲ.

ಮನೆಗೆ ಬಂದ ವಾರದೊಳಗೆ ಒಂದು ಸಂಜೆ ಅವನು ಕ್ಲಾಸು ಮುಗಿಸಿ ಮೇಲೆ ಬಂದು ಮಂಚದ ಪಕ್ಕ ಕೂತ. ಅವಳು ಅವನ ಕಡೆ ತಿರುಗಿ ಸೌಜನ್ಯದಿಂದ ನಕ್ಕಳು.

"ಹ್ಯಾವ್ ಯು ಕಮ್ ಫಾರ್?"

ಬಹಳ ದೂರದಿಂದ ಬಂದಿರಾ ಎಂದು ಕೇಳಿದ್ದಳು. ಮನೆಗೆ ಹೊಸದಾಗಿ ಬಂದವರನ್ನು ಕೇಳುವ ಮಾತು. ಪ್ರತಿ ಪದವೂ ಅವನಿಗೆ ಅರ್ಥವಾಯಿತು. ನಿಘಂಟು ಬೇಕಾಗಲಿಲ್ಲ, ಯಾರನ್ನೂ ಕೇಳಬೇಕಾಗಲಿಲ್ಲ. ಉತ್ತರವೂ ತಾನಾಗಿ ಬಾಯಿಗೆ ಬಂತು, ತಪ್ಪಿಲ್ಲದೆ.

"ನಾಟ್ ಫಾರ್ ಅಟ್ ಆಲ್. ಜಸ್ಟ್ ಡೌನ್‌ಸ್ಟೇರ್ಸ್."

"ಓ, ದಟ್ಸ್ ಹ್ಯಾಂಡಿ" ಎಂದಳು ಅವಳು.

ಅನುಕೂಲವಾಯಿತಲ್ಲ ಎಂಬರ್ಥದ ಆ ಹ್ಯಾಂಡಿ ಮಾತ್ರ ಅವನಿಗೆ ಪಾಠವಾಗಿರಲಿಲ್ಲ. ಕೈ ಕೇಳುತ್ತಿದ್ದಾಳೆ ಎಂದುಕೊಂಡ. ಮೊಳೆ, ಹುರಿಗಳಿಂದ ಒರಟಾದ ಕೈಯನ್ನು ಅಂಗಿಗೆ ಒರೆಸಿ ಅವಳ ಮುಂದೆ ಚಾಚಿದ. ಅವಳು ಒಂದು ಗಳಿಗೆ ಅದನ್ನೇ ನೋಡಿದಳು. ಆಮೇಲೆ ಎಡಗೈಯಿಂದ ಹಿಡಿದು ಮೆಲ್ಲಗೆ ಕುಲುಕಿ, "ನೈಸ್ ಟು ಮೀಟ್ ಯು" ಎಂದು ಬಿಟ್ಟುಬಿಟ್ಟಳು.

ನಾದಿನಿ ಟೀ ತಂದಳು. "ಏನಂತೆ ಭಾವ?" ಎಂದು ಕೇಳಿದಳು.

"ಏನಿಲ್ಲಮ್ಮ" ಎಂದ ಕುಶನ್ ಅಣ್ಣ. "ಮಾತಾಡಿಸ್ತಿದಾಳೆ."