ಮಲಕವ್ವನ ಸೊಂಟದ ಇಪ್ಪತ್ತಮೂರು ಕೀಲಿಕೈ

ಬೆಳಗಿನ ನಾಲ್ಕೂಮುಕ್ಕಾಲು. ತುಮಕೂರು ರಸ್ತೆಯ ಲಾರಿಗಳನ್ನು ಬಿಟ್ಟರೆ ಮಾಕಳಿಯಲ್ಲಿ ಇನ್ನೂ ಯಾರೂ ಎದ್ದಂತಿಲ್ಲ. ಹಳೆಯ ಶೆಡ್ಡೊಂದರ ಮುಂದೆ ಮಲಕವ್ವ ಸಣ್ಣ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಸೊಂಟದ ಗೊಂಚಲನ್ನು ತಡವುತ್ತಾರೆ. ಅದರಲ್ಲಿ ಇಪ್ಪತ್ತಮೂರು ಕೀಲಿಕೈ, ಒಂದೊಂದಕ್ಕೂ ಒಂದೊಂದು ಬಣ್ಣದ ಬಟ್ಟೆಚೂರು. ಹಳದಿಯದು ಸಿಗುತ್ತದೆ, ಶಟರ್ ಕಿರುಗುಟ್ಟುತ್ತಾ ಮೇಲೇಳುತ್ತದೆ. ಹದಿನೈದು ನಿಮಿಷ ತಡವಾಗಿ, ಕಣ್ಣುಜ್ಜಿಕೊಳ್ಳುತ್ತಾ ಬಂದ ನನಗೆ ಸಿಕ್ಕ ಮೊದಲ ಮಾತೇ ಬೈಗುಳ.

"ನಾಕೂವರಿಗೆ ಬರ್ರಿ ಅಂದಿದ್ನಲ್ರಿ ಸರ? ಪೇಪರ್‌ನವ್ರು ಅಂದ್ರ ಪೇಪರ್ ಹಾಕೋರಷ್ಟರ ಲಗೂನ ಏಳಬೇಕು!"

ನಗುತ್ತಲೇ ಅವರ ಹಿಂದೆ ಒಳಗೆ ಹೋಗುತ್ತೇನೆ. ಬಾಗಿಲು ತೆರೆಯುವುದನ್ನೇ ಕಾದಿದ್ದ ಮುನಿರಾಜು ಅವರ ತಮಟೆ ತಂಡದ ಹದಿನಾಲ್ಕು ಮಂದಿ ಒಳನುಗ್ಗಿ ಕಾಗದದ ಉರಿಗೆ ತಮಟೆ ಹಿಡಿದು ಕಾಯಿಸತೊಡಗುತ್ತಾರೆ. ಮುನಿರಾಜು ಪೀಣ್ಯದಲ್ಲಿ ಲೇತ್ ಆಪರೇಟರ್. ತಂಡದ ಉಳಿದವರೂ ಕಾರ್ಖಾನೆಯವರೇ. ಆರರ ಪಾಳಿ ಶುರುವಾಗುವ ಮೊದಲು ಸಿಗುವ ಒಂದು ಗಂಟೆಯಷ್ಟೇ ಅವರ ಕಲೆಗೆ ಸಿಗುವ ಹೊತ್ತು. ಅವರಲ್ಲಿ ಆರು ಮಂದಿ ಹೆಣ್ಣುಮಕ್ಕಳು ಮೂಲೆಯಲ್ಲಿ ಟಾರ್ಪಾಲು ಅಡ್ಡ ಹಿಡಿದು, ಒಬ್ಬರಾದ ಮೇಲೆ ಒಬ್ಬರಂತೆ ಸೀರೆ ಬದಲಿಸಿ ಕಚ್ಚೆ ಹಾಕಿಕೊಳ್ಳುತ್ತಾರೆ. ಅಷ್ಟರಲ್ಲೇ ಕಾಲು ಗಂಟೆ ಹೋಗುತ್ತದೆ. ಮಲಕವ್ವ ಅದನ್ನು ನೋಡಿ ಲೊಚಗುಟ್ಟುತ್ತಾರೆ.

ಈ ತಂಡವೂ ಸೇರಿದಂತೆ ನೂರನಲವತ್ತು ಸದಸ್ಯರ ಕೂಟಕ್ಕೆ ಬಯಲು ಬಳಗ ಎಂದು ಹೆಸರು. ಗೊಂಬೆಯಾಡಿಸುವವರು, ಗೋಡೆಗೆ ಚಿತ್ರ ಬರೆಯುವವರು, ಬೀದಿನಾಟಕದವರು, ಗುಜರಿ ಕಬ್ಬಿಣದಲ್ಲಿ ಆನೆ ಮಾಡುವವರು. ಯಾವ ಅಕಾಡೆಮಿಯ ಬಾಗಿಲೂ ತಟ್ಟದ, ತಟ್ಟಿದರೂ ತೆರೆಯದ ಜನ. ಸದಸ್ಯರಾಗಲು ಇಲ್ಲಿ ಅರ್ಜಿ ತುಂಬಬೇಕಿಲ್ಲ. ತನ್ನದು ಅನ್ನುವ ಒಂದನ್ನು ಉಳಿದವರ ಬಳಕೆಗೆ ಬಿಟ್ಟುಕೊಟ್ಟರೆ ಸಾಕು. ಒಬ್ಬರು ಏಣಿ ಬಿಟ್ಟಿದ್ದಾರೆ, ಒಬ್ಬರು ಭಾನುವಾರದ ಟೆಂಪೋ, ಒಬ್ಬರು ಮನೆಯ ತಾರಸಿ. ಈ ಶೆಡ್ಡು ಊರಿನ ಹಳೆಯ ರೈತ ಬೈರಪ್ಪನವರದು. "ನಾಕು ಜನ ಕುಣ್ಕಳ್ಳಿ ಅಂತ ಬಿಟ್ಟೆ. ಗ್ವಾಡೆ ತುಂಬ ಇಂಗೆ ಬಣ್ಣ ಬಳೀತಾರೆ ಅಂತ ಯಾರ್ಗ್ ಗೊತ್ತಿತ್ತು?" ಎಂದು ಗದರಿದವರೇ, "ಸಂದಾಗೈತೆ ಬುಡಿ" ಎಂದು ಮೀಸೆಯಲ್ಲೇ ನಗುತ್ತಾರೆ.

ಬಿಟ್ಟುಕೊಟ್ಟ ಜಾಗಗಳೇನೋ ಇಪ್ಪತ್ತಮೂರು ಆದವು. ಅವನ್ನು ಹೊತ್ತಿಗೆ ಸರಿಯಾಗಿ ತೆರೆಯುವವರು? ಅವರೇ ಮಲಕವ್ವ. ಇಂಡಿ ತಾಲೂಕಿನವರು, ಗಂಡ ಭರಮಪ್ಪನ ಜೊತೆ ಕಟ್ಟಡ ಕೆಲಸಕ್ಕೆಂದು ಬಂದು ಹತ್ತೊಂಬತ್ತು ವರ್ಷ. ಮೂರನೇ ಅಂತಸ್ತಿನ ಸಾರುವೆಯಿಂದ ಬಿದ್ದ ಭರಮಪ್ಪನ ಸೊಂಟ ಮತ್ತೆ ಸರಿಹೋಗಲಿಲ್ಲ. ಅವರು ರಾತ್ರಿ ವಾಚ್‌ಮನ್ ಆದರು. ಇವರು ಎರಡು ಕಾರ್ಖಾನೆಗಳ ಕಸ ಹೊಡೆಯುತ್ತಾ ಮನೆ ನಿಭಾಯಿಸಿದರು. ಏಳು ವರ್ಷದ ಹಿಂದೊಂದು ಬೆಳಗು, ಬೀಗದ ಕೈ ಇದ್ದವನು ನೈಟ್ ಶಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡು, ನಾಟಕದವರು ಈ ಶೆಡ್ಡಿನ ಮುಂದೆ ಮಳೆಯಲ್ಲಿ ತೋಯುತ್ತಾ ನಿಂತಿದ್ದರಂತೆ. "ನಾ ಹೆಂಗೂ ನಾಕಕ್ಕ ಎದ್ದಿರ್ತೀನಿ, ನನ್ನ ಕೈಯಾಗ ಕೊಡ್ರಿ ಅಂದೆ. ಕೊಟ್ಟೇ ಬಿಟ್ರು ನೋಡ್ರಿ!" ಈಗ ದಿನಕ್ಕೆ ಒಂಬತ್ತು ಹತ್ತು ಬಾಗಿಲು, ಏನಿಲ್ಲವೆಂದರೂ ಏಳು ಕಿಲೋಮೀಟರ್ ನಡಿಗೆ.

ಓದಲು ಬಾರದ ಮಲಕವ್ವ ಬಟ್ಟೆಯ ಬಣ್ಣದಿಂದಲೇ ಬಾಗಿಲು ಗುರುತಿಸುತ್ತಾರೆ. ಒಳಗೆ ಚಿತ್ರ ಒಣಗಲು ಬಿಟ್ಟಿದ್ದರೆ ಆ ಕೀಲಿಕೈಗೆ ಇನ್ನೊಂದು ಕೆಂಪು ಚೂರು ಬೀಳುತ್ತದೆ. ಕೆಂಪು ಕಂಡರೆ ಬಾಗಿಲು ತೆರೆಯುವಂತಿಲ್ಲ. "ಇಪ್ಪತ್ಮೂರು ಬಾಗಲಾ ಯಾರ ನೆನಪ ಇಡ್ತಾರ್ರಿ? ನಾ ಬಟ್ಟೀನ ನಂಬತೀನಿ."

ಆ ನಂಬಿಕೆಯೇ ಮೂರು ವರ್ಷದ ಹಿಂದೆ ಕೈ ಕೊಟ್ಟಿತು. ಬಳಗದ ವಾರ್ಷಿಕ ಪ್ರದರ್ಶನಕ್ಕೆ ಎರಡೇ ದಿನ ಬಾಕಿ. ಬಳಗವನ್ನು ಕಟ್ಟಿದ ಚಿತ್ರಕಲಾವಿದೆ ವೇಣಿ ಮತ್ತು ಗೆಳತಿಯರು ಮೂರು ವಾರ ಬರೆದ ಮೂವತ್ತು ಅಡಿಯ ಪರದೆ ಇದೇ ಶೆಡ್ಡಿನ ನೆಲದ ಮೇಲೆ, ಮಳೆಗಾಲದ ಥಂಡಿಗೆ ಒಣಗದೆ ಹಸಿಯಾಗಿ ಮಲಗಿತ್ತು. ಮಲಕವ್ವ ಹಬ್ಬದ ಮಡಿ ಎಂದು ಕೀಲಿಕೈಗಳ ಬಟ್ಟೆಚೂರುಗಳನ್ನೆಲ್ಲ ಸೋಪು ಹಾಕಿ ತಿಕ್ಕಿ ತೊಳೆದರು. ಅಗ್ಗದ ಕೆಂಪು ಬಣ್ಣ ಬಿಟ್ಟು ಬೆಳ್ಳಗಾಯಿತು. ಮರುದಿನ ನಸುಕಿನಲ್ಲಿ ಕೆಂಪು ಕಾಣದೆ ಶಟರ್ ಎತ್ತಿದರು. ಕರೆಂಟು ಬೇರೆ ಇರಲಿಲ್ಲ. ಹದಿನಾಲ್ಕು ಮಂದಿ ಅರ್ಧ ಗಂಟೆ ಪರದೆಯ ಮೇಲೆ ಕುಣಿದೇ ಕುಣಿದರು. "ಕಾಲ್ ಜಾರ್ತಿತ್ತು. ಬೈರಪ್ಪಣ್ಣ ನೆಲಕ್ಕೆ ಹೊಸ ಮ್ಯಾಟ್ ಹಾಕ್ಸವ್ರೆ ಅನ್ಕೊಂಡ್ವಿ" ಎನ್ನುತ್ತಾರೆ ಮುನಿರಾಜು, ಈಗಲೂ ಕಿವಿ ಹಿಡಿದುಕೊಂಡು.

ಸುದ್ದಿ ಕೇಳಿ ವೇಣಿ ಓಡಿ ಬರುವಷ್ಟರಲ್ಲಿ ಮಲಕವ್ವ ಗೊಂಚಲನ್ನು ಸೊಂಟದಿಂದ ಬಿಚ್ಚಿ ನೆಲಕ್ಕಿಟ್ಟಿದ್ದರು. "ಓದು ಬರಾಕೀಗೆ ಕೊಡ್ರಿ ಯವ್ವಾ, ನನ್ನಿಂದ ಆಗೂದಿಲ್ಲ" ಎಂದು ಕಣ್ಣೀರು ಹಾಕಿದರು. ನಂಬರ್ ಬೀಗ ತರೋಣ ಎಂದು ಒಬ್ಬಿಬ್ಬರು ಗೊಣಗಿದ್ದೂ ಉಂಟು. ಅಷ್ಟರಲ್ಲಿ ಕರೆಂಟು ಬಂತು.

"ನಾನು ಅಳೋಕೆ ರೆಡಿಯಾಗೇ ಬಂದಿದ್ದೆ" ಎನ್ನುತ್ತಾರೆ ವೇಣಿ. "ಲೈಟಲ್ಲಿ ನೋಡ್ತೀನಿ, ಪರದೆ ತುಂಬಾ ಕುಣಿಯೋ ಕಾಲು! ಸುತ್ತಿ ಸುತ್ತಿ ಬಂದಿರೋ ಹೆಜ್ಜೆಗಳು. ನಾವು ಮೂರು ವಾರ ಒದ್ದಾಡಿದ್ದಕ್ಕಿಂತ ಅದೇ ಚೆನ್ನಾಗಿತ್ತು ಕಣ್ರೀ. ನಿಜ ಹೇಳ್ಬೇಕಂದ್ರೆ ಹೊಟ್ಟೆ ಉರೀತು." ಪರದೆ ಹಾಗೆಯೇ ವೇದಿಕೆ ಏರಿತು. ಗೊಂಚಲು ಮತ್ತೆ ಮಲಕವ್ವನ ಸೊಂಟಕ್ಕೇ ಬಂತು.

ಅಂದಿನಿಂದ ಬಳಗದಲ್ಲೊಂದು ಪದ್ಧತಿ. ಪ್ರತಿವರ್ಷದ ಪರದೆಯ ಮೇಲೆ ಹೊಸ ಸದಸ್ಯರು ಬಣ್ಣದ ಕಾಲಿಟ್ಟು ಒಳಗೆ ಬರಬೇಕು. ಹಾಗೆ ಬಂದವರ ಕಾಲಿಗೆಲ್ಲ ತಂಬಿಗೆಯಿಂದ ನೀರು ಹಾಕುವವರು ಮಲಕವ್ವ. ಆದರೆ ಅವರ ಹೆಜ್ಜೆ ಮಾತ್ರ ಯಾವ ಪರದೆಯ ಮೇಲೂ ಇಲ್ಲ. ಅವರು ಸದಸ್ಯರೇ ಅಲ್ಲ! ವೇಣಿ ಕರೆದು ಕರೆದು ಸೋತಿದ್ದಾರೆ. "ತನ್ನದು ಅನ್ನೂದು ಒಂದ್ ಕೊಡಬೇಕು ಅಂತ ನೀವ ಮಾಡೀರಿ. ಈ ಕೀಲಿ ಎಲ್ಲಾ ಮಂದೀವು. ನಂದು ಅಂತ ಏನೈತ್ರಿ ಇದ್ರಾಗ?" ಈ ಹಟಕ್ಕೆ ನನಗೆ ಸಿಟ್ಟೂ ಬಂತು, ಗೌರವವೂ ಹುಟ್ಟಿತು.

ಐದೂಮುಕ್ಕಾಲಿಗೆ ತಮಟೆ ನಿಲ್ಲುತ್ತದೆ. ಹೆಣ್ಣುಮಕ್ಕಳು ಮತ್ತೆ ಟಾರ್ಪಾಲಿನತ್ತ ಓಡುವಾಗ ಮಲಕವ್ವ ತಡೆಯುತ್ತಾರೆ. ಸೆರಗಿನ ಗಂಟಿನಿಂದ ಒಂದು ಕೀಲಿಕೈ ಹೊರಬರುತ್ತದೆ. ಅದಕ್ಕೆ ಕಟ್ಟಿದ್ದು ಅವರದೇ ಹಳೆಯ ಇಳಕಲ್ ಸೀರೆಯ ಹಸಿರು ಚೂರು.

"ಇದು ನಮ್ಮ ಖೋಲಿದು. ಇಲ್ಲೇ ಹಿಂದ, ಬೈರಪ್ಪನವರ ವಠಾರದಾಗ. ಬಾಡಗಿದಾದ್ರೂ ಕೀಲಿ ನಂದ ಐತಿ. ಮಾಲಕರನ್ನೂ ಕೇಳೀನಿ, ಹೂಂ ಅಂದಾರ. ನಾಕರಿಂದ ಆರರ ಮಟಾ ಖಾಲಿನ ಇರ್ತೈತಿ. ಕನ್ನಡಿ ಐತಿ, ನೀರ ಐತಿ. ನಾಳಿಯಿಂದ ಅಲ್ಲೇ ಸೀರಿ ಉಟಗೊಂಡ ಬರ್ರಿ."

ಒಮ್ಮೆಲೇ ಎದ್ದ ಕೇಕೆಗೆ ತಮಟೆಯೇ ನಾಚಬೇಕು. ಅಷ್ಟರಲ್ಲಿ ಬಂದು ನಿಂತಿದ್ದ ವೇಣಿ ಮಲಕವ್ವನನ್ನು ಅಪ್ಪಿಕೊಂಡೇ ಬಿಡುತ್ತಾರೆ. ಪಾಳಿ ಮುಗಿಸಿ ಆ ದಾರಿಯಾಗಿ ಕುಂಟುತ್ತಾ ಬಂದ ಭರಮಪ್ಪನನ್ನು, ನಿಮ್ಮ ಒಪ್ಪಿಗೆ ಇದೆಯೇ ಎಂದು ಕೇಳುತ್ತೇನೆ.

"ಮನೀಗೆ ಮಾರಿ, ಊರಿಗೆ ಉಪಕಾರಿ ಅಂತ ಇಕೀನ ಬೈತಿದ್ದೆ ಸರ. ಈಗ ಮನೀನೂ ಊರಿಗೇ ಕೊಟ್ಲು. ಇನ್ನೇನಂತ ಬೈಲಿ?"

ಇದೇ ಭಾನುವಾರ ವಾರ್ಷಿಕ ಪ್ರದರ್ಶನ. ಇಪ್ಪತ್ನಾಲ್ಕನೇ ಕೀಲಿಕೈಯನ್ನು ಗೊಂಚಲಿಗೆ ಸೇರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡ ಮಲಕವ್ವ, ಮುಂದಿನ ಬಾಗಿಲಿಗೆ ಹೊರಟವರು ಅರ್ಧ ದಾರಿಯಿಂದ ತಿರುಗಿ ಎಲ್ಲರಿಗೂ ಕೇಳುವಂತೆ ಕೂಗುತ್ತಾರೆ:

"ಇಷ್ಟ ದಿನ ನಿಮ್ಮೆಲ್ಲಾರ ಕಾಲಿಗೆ ನಾ ನೀರ ಹಾಕೀನಿ. ಐತಾರ ನನ್ನ ಕಾಲಿಗೆ ಯಾರ ಹಾಕ್ತೀರಿ, ಈಗ ಹೇಳಿಬಿಡ್ರಿ!"