ಕಿವಿ ಗುಯ್ಯೆಂದರೆ ಮದ್ದು ಹಿಡಿಯಿತು

ಓದುಗರಿಗೆ ನಮಸ್ಕಾರ. ಅಕ್ಷರ ಕಲಿತದ್ದು ತಡವಾಗಿ, ಟೈಪ್ ಮಾಡುವುದು ಒಂದೇ ಬೆರಳಿನಲ್ಲಿ. ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳಿ.

ಮೊನ್ನೆ ಹಲ್ಲು ಕೀಳಿಸಲು ಹೋಗಿದ್ದೆ. ಡಾಕ್ಟರಮ್ಮನ ಕೋಣೆಯಲ್ಲಿ ಲವಂಗದೆಣ್ಣೆಯ ವಾಸನೆ. ಆ ವಾಸನೆಗೆ ನಮ್ಮ ಎಸ್ಟೇಟಿನ ಕಂಪೌಂಡರ್ ನೆನಪಾದ. ಒಳ್ಳೆಯ ನೆನಪಲ್ಲ.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಹಾಸನದ ಕಡೆಯಿಂದ ಬಂದ ಅವ್ವ, ಅಕ್ಕ, ನಾನು ಪಾಲಿಬೆಟ್ಟದ ಹತ್ತಿರ ಕೂಲಿಯಾಳುಗಳ ಲೈನ್ ಮನೆಯಲ್ಲಿದ್ದು ಕಾಫಿ ಕೊಯ್ಯುತ್ತಿದ್ದೆವು. ಕಂಪೌಂಡರನೇ ನಮಗೆ ಡಾಕ್ಟರು. ಅಕ್ಕನ ದವಡೆ ಹಲ್ಲನ್ನು ಅವನೇ ಕಿತ್ತು, ಲವಂಗದೆಣ್ಣೆಯ ಹತ್ತಿ ಇಟ್ಟು ಕಳಿಸಿದ. ಆಮೇಲೆ ಅವಳಿಗೆ ಸಂಜೆಯಾದರೆ ಜ್ವರ. ವಾರಗಟ್ಟಲೆ ಬಿಡಲಿಲ್ಲ. ಚಿಕ್ಕಂದಿನಲ್ಲಿ ಕೀಲುನೋವಿನ ಜ್ವರ ಬಂದಾಗಿನಿಂದ ಅವಳ ಎದೆ ಸರಿಯಿಲ್ಲ ಎಂದು ಅವ್ವ ಹೇಳಿದಳು. ಅವನು ಕೇಳಿಸಿಕೊಳ್ಳಲಿಲ್ಲ. ತೋಟದಲ್ಲಿ ಜ್ವರ ಎಂದರೆ ಮಲೇರಿಯಾ, ಅದಕ್ಕೆ ಕ್ವಿನೈನ್, ಅಷ್ಟೇ. ಅದನ್ನು ಕುಡಿದವರ ಕಿವಿ ಗುಯ್ಯೆಂದು ತಲೆ ನೋಯಬೇಕು. ಆಗ ಮದ್ದು ಹಿಡಿಯಿತೆಂದು ಲೈನಿನವರೆಲ್ಲ ನಂಬಿದ್ದರು. ನಂಬಿಸಿದವನು ಅವನು.

ಒಂದು ಬೆಳಗ್ಗೆ ಅಕ್ಕ ತಲೆ ಹಿಡಿದು ಕೂತಳು. ಎಸ್ಟೇಟಿನ ಲಾರಿ ಮಡಿಕೇರಿಗೆ ಹೊರಟು ನಿಂತಿತ್ತು. ಕಂಪೌಂಡರ್ ಹೂಂ ಅನ್ನದೆ ಯಾರೂ ಹತ್ತುವಂತಿರಲಿಲ್ಲ.

“ಲಾರೀಲಿ ಒಸಿ ಜಾಗ ಕೊಡ್ಸಿ ಬುದ್ಧಿ, ದೊಡ್ಡಾಸ್ಪತ್ರೆಗೆ ಕರ್ಕೊಂಡೋಯ್ತೀನಿ,” ಅಂದಳು ಅವ್ವ.

ಅವನು ಅಕ್ಕನ ಕಡೆ ತಿರುಗಿದ. “ಕಿವಿ ಗುಯ್ ಅಂತದೇನೇ?”

“ಅಂತೈತೆ ಸಾರ್. ತಲೆ ಸೀಳೋಯ್ತೈತೆ.”

“ಮತ್ತೆ? ಮದ್ದು ಹಿಡೀತು ಅಂತಾಯ್ತಲ್ಲ! ಒಂದು ಹಲ್ಲು ಕಿತ್ತಿದ್ದಕ್ಕೆ ಮಹಾರಾಣಿಗೆ ಮಡಿಕೇರಿ ಸವಾರಿ ಬೇಕಂತೆ.”

ಸುತ್ತ ನಿಂತವರು ನಕ್ಕರು. ಲಾರಿ ಹೋಯಿತು. ಅವ್ವನ ಮುಖದಲ್ಲೂ ಸ್ವಲ್ಪ ಗೆಲುವು ಬಂತು, ಮದ್ದು ಹಿಡಿಯಿತಲ್ಲ ಅಂತ... ಮಧ್ಯಾಹ್ನದೊಳಗೆ ಅಕ್ಕ ಕಾಫಿ ಗಿಡದ ಬುಡದಲ್ಲಿ ಬಿದ್ದಳು. ಮತ್ತೆ ಏಳಲಿಲ್ಲ. “ಗಾಳಿ ಸೋಕಿರ್ಬೇಕು,” ಅಂದ ಆ ಮನುಷ್ಯ.

ಮೊನ್ನೆ ಡಾಕ್ಟರಮ್ಮ ಹಲ್ಲು ಮುಟ್ಟುವ ಮೊದಲೇ ಕೇಳಿದರು, “ಅಜ್ಜ, ಹಾರ್ಟ್ ತೊಂದ್ರೆ ಏನಾದ್ರೂ ಉಂಟಾ?” ಯಾಕೆ ಎಂದೆ. ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿದು ಕೆಟ್ಟ ಹೃದಯದ ಕವಾಟದಲ್ಲಿ ಗೂಡು ಕಟ್ಟುತ್ತದಂತೆ. ಅಲ್ಲಿಂದ ಚೂರು ಕಳಚಿ ಮೆದುಳಿಗೆ ಹೋದರೆ ರಕ್ತನಾಳದ ಗೋಡೆ ಕೊಳೆತು, ಗುಳ್ಳೆಯಂತೆ ಉಬ್ಬಿ ಒಡೆಯುತ್ತದಂತೆ. ಅದಕ್ಕೆ ಮೊದಲು ತಲೆ ಸೀಳುವಷ್ಟು ನೋಯುತ್ತದಂತೆ. ಅಕ್ಕನ ವಿಷಯ ಹೇಳಿದೆ. ಅವರು ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟರು.

“ಅದೇ ಆಗಿರ್ಬಹುದು ಅಜ್ಜ. ಪೆನಿಸಿಲಿನ್ ಬಂದಿತ್ತು ಆಗ. ಆದ್ರೆ ಆ ದಿನಕ್ಕೆ ತಡ ಆಗಿತ್ತೋ ಏನೋ.”

ಆಗಿರಬಹುದು. ಆದರೆ ಲಾರಿಯಲ್ಲಿ ಜಾಗವಿತ್ತು.

ಕಂಪೌಂಡರ್ ಸತ್ತು ಬಹಳ ಕಾಲವಾಯಿತು. ಸತ್ತವರ ಮೇಲೆ ಹಗೆ ಯಾಕೆ ಅನ್ನುತ್ತಾಳೆ ಹೆಂಡತಿ. ಅಕ್ಕನ ಒಂದು ಫೋಟೋ ಕೂಡ ನನ್ನಲ್ಲಿಲ್ಲ. ಉಳಿದಿರುವುದು ಈ ಹಗೆಯೊಂದೇ...

ನಿಮ್ಮ ಮನೆಗಳಲ್ಲೂ ಇಂಥದ್ದು ನಡೆದಿದ್ದರೆ ಬರೆದು ತಿಳಿಸಿ. ಅವನನ್ನು ಕ್ಷಮಿಸು ಎಂದು ಮಾತ್ರ ಬರೆಯಬೇಡಿ.